ಯಾರೂ ಓಡಿಸಿ ನೋಡದ ಪ್ಯಾಕೇಜು ನಮ್ಮ ಬೋರ್ಡಿಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಲ್ಡ್‌ರೂಟ್ ಅಥವಾ ಯೋಕ್ಟೋ ಹಿಡಿದು ಸಾಧನಕ್ಕೆ ಲಿನಕ್ಸ್ ಇಮೇಜ್ ಕಟ್ಟುವವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಬೇಕಾದ ಪ್ಯಾಕೇಜು ಅದರ ಆಯ್ಕೆಯ ಮೆನುವಿನಲ್ಲಿ ಇದೆ, ಆದರೆ ನಮ್ಮಂಥ ಬೋರ್ಡಿನಲ್ಲಿ ಅದನ್ನು ಯಾರಾದರೂ ಓಡಿಸಿದ್ದಾರಾ ಗೊತ್ತಿಲ್ಲ. ಇಲ್ಲವೇ ಮೆನುವಿನಲ್ಲೇ ಇಲ್ಲ, ಯಾರದೋ ಗಿಟ್ ರೆಪೊದಿಂದ ಎತ್ತಿಕೊಂಡು ಬರಬೇಕು. ಹಾಕಬೇಕಾ, ಬಿಡಬೇಕಾ? ಹೊಸದಾಗಿ ತಂಡಕ್ಕೆ ಸೇರುವವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಮಾತು ಜಾಸ್ತಿ ಬಿಲ್ಡ್‌ರೂಟ್ ಬಗ್ಗೆ. ಯೋಕ್ಟೋ ಬೇಕಾದ ಕಡೆ ಬರುತ್ತದೆ.

ಮೆನುವಿನಲ್ಲಿ ಇದ್ದ ಮೇಲೆ ಪ್ಯಾಕೇಜು ಪರೀಕ್ಷೆ ಆಗಿರಲೇಬೇಕು ಅಲ್ವಾ?

ಆಗಿರುತ್ತದೆ. ಯಾವ ಪರೀಕ್ಷೆ ಅಂತ ಕೇಳಿಕೊಳ್ಳಬೇಕು, ಅಷ್ಟೇ. ಬಿಲ್ಡ್‌ರೂಟ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಪ್ಯಾಕೇಜುಗಳಿವೆ. ಆಟೋಬಿಲ್ಡರ್ ಅನ್ನುವ ಯಂತ್ರಗಳು ಹಗಲೂ ರಾತ್ರಿ ಕಾನ್ಫಿಗರೇಶನ್‌ಗಳನ್ನು ಕಟ್ಟುತ್ತಲೇ ಇರುತ್ತವೆ. ಯಾವುದೋ ಒಂದು ಪ್ರೊಸೆಸರ್, ಯಾವುದೋ ಸಿ ಲೈಬ್ರರಿ, ಲಾಟರಿ ಎತ್ತಿದ ಹಾಗೆ ಆಯ್ದ ಒಂದಷ್ಟು ಪ್ಯಾಕೇಜುಗಳು. ಕಟ್ಟಲು ಆಗದಿದ್ದರೆ ಆ ಪ್ಯಾಕೇಜನ್ನು ನೋಡಿಕೊಳ್ಳುವವರಿಗೆ ಮೇಲ್ ಹೋಗುತ್ತದೆ.

ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅಲ್ಲಿ ಪರೀಕ್ಷೆ ಆಗುವುದು 'ಕಂಪೈಲ್ ಆಗುತ್ತದಾ, ಲಿಂಕ್ ಆಗುತ್ತದಾ' ಅನ್ನುವುದು ಮಾತ್ರ. ಕಟ್ಟಿದ್ದನ್ನು ಕ್ಯೂಇಎಮ್‌ಯು (ಬೋರ್ಡನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಾಫ್ಟ್‌ವೇರ್) ಒಳಗೆ ಬೂಟ್ ಮಾಡಿ ಓಡಿಸಿ ನೋಡುವ ಪರೀಕ್ಷೆಗಳು ಬೇರೆ ಇವೆ. ಅವು ಇರುವುದು ಕೆಲವು ಪ್ಯಾಕೇಜುಗಳಿಗೆ ಮಾತ್ರ. ನಿಮ್ಮ ಪ್ಯಾಕೇಜಿಗೆ ಇದೆಯಾ ಅಂತ ಸೋರ್ಸ್ ಮರದಲ್ಲಿ 'ಸಪೋರ್ಟ್' ಫೋಲ್ಡರಿನ ಒಳಗಿರುವ 'ಟೆಸ್ಟಿಂಗ್' ಫೋಲ್ಡರ್‌ನಲ್ಲಿ ಹುಡುಕಿ. ಎರಡು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ. ಹಾಗೆಯೇ 'ಡೆವಲಪರ್ಸ್' ಅನ್ನುವ ಫೈಲಿನಲ್ಲಿ ಆ ಪ್ಯಾಕೇಜಿನ ಎದುರು ಯಾರ ಹೆಸರೂ ಇಲ್ಲದಿದ್ದರೆ ಮುಂದೆ ತೊಂದರೆ ಬಂದಾಗ ನೋಡಿಕೊಳ್ಳಬೇಕಾದವರು ನೀವೇ.

ಯೋಕ್ಟೋದಲ್ಲಿ ಹಾಗಿಲ್ಲ ಅಂತಾರಲ್ಲ?

ಯಾವ ಲೇಯರ್ ಅನ್ನುವುದರ ಮೇಲೆ ಹೋಗುತ್ತದೆ. ಪ್ಯಾಕೇಜು ಕಟ್ಟುವ ವಿಧಾನ ಬರೆದ ಫೈಲು ರೆಸಿಪಿ, ರೆಸಿಪಿಗಳ ಗುಂಪು ಲೇಯರ್. ಓಪನ್‌ಎಂಬೆಡೆಡ್ ಕೋರ್‌ನಲ್ಲಿರುವ ರೆಸಿಪಿಗಳಿಗೆ ಒಳ್ಳೆಯ ಕಾವಲಿದೆ. ಅಲ್ಲಿ ಅನೇಕ ರೆಸಿಪಿಗಳಿಗೆ ಪಿಟೆಸ್ಟ್ ಇದೆ. ಅಂದರೆ ಪ್ಯಾಕೇಜಿನ ಮೂಲ ಲೇಖಕರು ಬರೆದ ಪರೀಕ್ಷೆಗಳನ್ನು ಬೋರ್ಡಿನ ಮೇಲೇ ಓಡಿಸಬಹುದು. ಮೆಟಾ-ಓಪನ್‌ಎಂಬೆಡೆಡ್‌ಗೆ ಬಂದರೆ ರೆಸಿಪಿಗಳು ಬಹಳ, ಪಿಟೆಸ್ಟ್ ಇರುವವು ಕಡಿಮೆ. ಅದರಾಚೆ ಲೇಯರ್ ಇಂಡೆಕ್ಸ್‌ನಲ್ಲಿ ಸಿಗುವ ಲೇಯರ್‌ಗಳಲ್ಲಿ ಚೆನ್ನಾಗಿರುವುದೂ ಇದೆ, ಯಾರೋ ಒಂದು ಡೆಮೊಗೆ ಅಂತ ಮಾಡಿ ಬಿಟ್ಟುಹೋದದ್ದೂ ಇದೆ.

ಒಂದು ಎಚ್ಚರಿಕೆ. ಪ್ರತಿ ಲೇಯರ್ ತಾನು ಯಾವ ಯೋಕ್ಟೋ ಬಿಡುಗಡೆಗಳಿಗೆ ಹೊಂದುತ್ತೇನೆ ಅಂತ 'ಲೇಯರ್‌ಸೀರೀಸ್ ಕಂಪ್ಯಾಟ್' ಸಾಲಿನಲ್ಲಿ ಬರೆದುಕೊಂಡಿರುತ್ತದೆ. ಅದು ಬರೀ ಹೇಳಿಕೆ. ಸ್ಕಾರ್ತ್‌ಗ್ಯಾಪ್ ಅನ್ನುವುದು ಒಂದು ಯೋಕ್ಟೋ ಬಿಡುಗಡೆಯ ಹೆಸರು; 'ಸ್ಕಾರ್ತ್‌ಗ್ಯಾಪ್‌ಗೆ ಹೊಂದುವುದಿಲ್ಲ' ಅಂತ ಯೋಕ್ಟೋದ ಕಟ್ಟುವ ಟೂಲ್ ಬಿಟ್‌ಬೇಕ್ ಕೂಗಿದರೆ ಆ ಸಾಲಿಗೆ ಸ್ಕಾರ್ತ್‌ಗ್ಯಾಪ್ ಅಂತ ಸೇರಿಸಿ ಬಾಯಿ ಮುಚ್ಚಿಸುವವರು ಬೇಕಾದಷ್ಟು ಜನ ಇದ್ದಾರೆ. ಆ ಸಾಲು ಕೊನೆಯ ಸಲ ಬದಲಾದಾಗ ಜೊತೆಗೆ ಬೇರೆ ಏನಾದರೂ ಬದಲಾಗಿದೆಯಾ ಅಂತ ಗಿಟ್ ಇತಿಹಾಸದಲ್ಲಿ ನೋಡಿ.

ಇಮೇಜ್ ಕಟ್ಟುವ ಇನ್ನೊಂದು ಟೂಲ್ ಪಿಟಿಎಕ್ಸ್‌ಡಿಸ್ಟ್ ಬಳಸುವವರಿಗೆ ಈ ತಲೆನೋವು ಸ್ವಲ್ಪ ಕಡಿಮೆ. ಹಳತಾದ, ನೋಡಿಕೊಳ್ಳುವವರಿಲ್ಲದ ಪ್ಯಾಕೇಜುಗಳನ್ನು ಅದು 'ಸ್ಟೇಜಿಂಗ್' ಅಂತ ಬೇರೆ ಇಡುತ್ತದೆ. ಕರ್ನಲ್‌ನಲ್ಲೂ ಸ್ಟೇಜಿಂಗ್ ಡ್ರೈವರ್‌ಗಳಿವೆ. ಅಂಥದ್ದೊಂದನ್ನು ಲೋಡ್ ಮಾಡಿದರೆ ಕರ್ನಲ್ ತನಗೆ ತಾನೇ 'ಸಿ' ಅನ್ನುವ ಕಳಂಕದ ಗುರುತು ಹಾಕಿಕೊಳ್ಳುತ್ತದೆ. ಆ ಗುರುತಿನ ಪೂರ್ಣ ಹೆಸರು 'ಟೇಂಟ್ ಕ್ರ್ಯಾಪ್'. ಕರ್ನಲ್ ಮಂದಿ ಮುಲಾಜು ನೋಡುವವರಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ಓಡ್ತಿದೆ. ಬೋರ್ಡಿನಲ್ಲಿ ಯಾಕೆ ಕೈಕೊಡುತ್ತೆ?

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. ಇಲ್ಲಿ ಮಾತ್ರ ಸಾಲದು, ಯಾಕೆಂದರೆ ಪಾತ್ರೆ, ನೀರು, ಒಲೆ ಎಲ್ಲವೂ ಬೇರೆ.

ಒಂದು ಹಳೆಯ ತಪ್ಪನ್ನು ಹತ್ತಿರದಿಂದ ನೋಡೋಣ. ಇದು ಈಗಲೂ ಸಿಗುತ್ತದೆ. ಕಮಾಂಡ್ ಸಾಲಿನ ಆಯ್ಕೆಗಳನ್ನು ಓದಲು ಸಿ ಪ್ರೋಗ್ರಾಮುಗಳು ಗೆಟ್‌ಆಪ್ಟ್ ಅನ್ನುವ ಫಂಕ್ಷನ್ ಕರೆಯುತ್ತವೆ. ಆಯ್ಕೆಗಳು ಮುಗಿದಾಗ ಅದು -1 ಕೊಡುತ್ತದೆ. ಅದು ಕೊಡುವುದು ಇಂಟ್. ಬರೆದವರು ಅದನ್ನು ಚಾರ್‌ನಲ್ಲಿ ಇಟ್ಟುಕೊಂಡು '-1 ಬರುವ ತನಕ ಸುತ್ತು' ಅಂತ ಲೂಪ್ ಹಾಕಿರುತ್ತಾರೆ. ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಚಾರ್‌ಗೆ ಋಣ ಚಿಹ್ನೆ ಇದೆ, ಹಾಗಾಗಿ -1 ಹಾಗೇ ಉಳಿಯುತ್ತದೆ, ಲೂಪ್ ಮುಗಿಯುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಚಾರ್‌ಗೆ ಚಿಹ್ನೆ ಇಲ್ಲ. -1 ಅಲ್ಲಿ 255 ಆಗುತ್ತದೆ. 255 ಎಂದಿಗೂ -1 ಆಗುವುದಿಲ್ಲ. ಪ್ರೋಗ್ರಾಮು ಒಂದೋ ಸಿಪಿಯು ಪೂರ್ತಿ ತಿನ್ನುತ್ತಾ ಸುತ್ತುತ್ತಲೇ ಇರುತ್ತದೆ, ಇಲ್ಲವೇ ಏನು ಕೊಟ್ಟರೂ 'ಬಳಸುವುದು ಹೀಗೆ' ಅಂತ ಸಹಾಯದ ಸಾಲುಗಳನ್ನು ತೋರಿಸಿ ನಿಲ್ಲುತ್ತದೆ. ಕಂಪೈಲ್ ಆಗುವಾಗ ಎರರ್ ಇಲ್ಲ. ಆಟೋಬಿಲ್ಡರ್‌ನಲ್ಲಿ ಹಸಿರು. ಸರಿಮಾಡಲು ಚಾರ್ ಅಂತ ಇದ್ದುದನ್ನು ಇಂಟ್ ಅಂತ ಮಾಡಿದರೆ ಸಾಕು. ರಿಸ್ಕ್-5ರಲ್ಲೂ ಇದೇ ಕತೆ.

ಇನ್ನೊಂದು, ಸಿ ಲೈಬ್ರರಿ. ಜಾಗ ಉಳಿಸಲು ಮಸಲ್ ಅನ್ನುವ ಚಿಕ್ಕ ಸಿ ಲೈಬ್ರರಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ ಜಿಲಿಬ್‌ಸಿಯಲ್ಲಿ ಹೊಸ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಗುತ್ತದೆ. ಮಸಲ್ ಕೊಡುವುದು 128 ಕೆಬಿ. ಥ್ರೆಡ್ ಒಳಗೆ ದೊಡ್ಡ ಅರೇ ಇಟ್ಟುಕೊಂಡ ಕೋಡ್ ಅಲ್ಲಿ ಸುಮ್ನೆ ಸೆಗ್‌ಫಾಲ್ಟ್ ಆಗುತ್ತದೆ. ಅದೂ ದೊಡ್ಡ ಫೈಲು ಬಂದ ದಿನ ಮಾತ್ರ.

ಉಳಿದವು ಬೇಗ ಕಣ್ಣಿಗೆ ಬೀಳುತ್ತವೆ. 32 ಬಿಟ್ ಮಿಪ್ಸ್‌ನಲ್ಲಿ 8 ಬೈಟಿನ ಅಟಾಮಿಕ್ ಕೆಲಸಕ್ಕೆ ಲಿಬ್‌ಅಟಾಮಿಕ್ ಬೇಕು, ಲಿಂಕರ್ ಅಲ್ಲೇ ನಿಲ್ಲಿಸುತ್ತದೆ. ಎಂಎಂಯು (ಮೆಮೊರಿ ವಿಳಾಸ ನೋಡಿಕೊಳ್ಳುವ ಭಾಗ) ಇಲ್ಲದ ಚಿಪ್‌ನಲ್ಲಿ ಪ್ರೊಸೆಸ್ ನಕಲು ಮಾಡುವ ಫೋರ್ಕ್ ಇಲ್ಲ. ಸ್ಕ್ರಿಪ್ಟ್‌ಗಳು ಬ್ಯಾಶ್ ಕೇಳುತ್ತವೆ, ಬೋರ್ಡಿನಲ್ಲಿ ಇರುವುದು ಬ್ಯುಸಿಬಾಕ್ಸ್‌ನ ಚಿಕ್ಕ ಶೆಲ್.

ಕಂಪೈಲ್ ಆಗ್ತಿಲ್ಲ. ಒಂದು ಫ್ಲ್ಯಾಗ್ ಹಾಕಿದ್ರೆ ಆಗುತ್ತಂತೆ. ಹಾಕ್ಲಾ?

ಯಾವ ಎರರ್ ಅನ್ನುವುದನ್ನು ನೋಡದೆ ಬೇಡ.

ಜಿಸಿಸಿ ಕಂಪೈಲರ್ ಹಳೆಯ ಕೋಡಿಗೆ ಆಗಾಗ ಬಿಸಿ ಮುಟ್ಟಿಸುತ್ತದೆ. 2020ರ ಜಿಸಿಸಿ 10 ಬಂದಾಗ, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಹಾಕದೆ ಗ್ಲೋಬಲ್ ವೇರಿಯಬಲ್ ಬರೆದ ಪ್ಯಾಕೇಜುಗಳೆಲ್ಲ 'ಒಂದಕ್ಕಿಂತ ಹೆಚ್ಚು ಕಡೆ ಇದೆ' ಅಂತ ಲಿಂಕ್ ಆಗದೆ ನಿಂತವು. ಅದಕ್ಕೆ ಹಳೆಯ ನಡವಳಿಕೆ ತರುವ ಫ್ಲ್ಯಾಗ್ ಹಾಕಿದರೆ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. 2024ರ ಜಿಸಿಸಿ 14 ಕತೆ ಬೇರೆ. ಮೊದಲೇ ಘೋಷಿಸದ ಫಂಕ್ಷನ್ ಕರೆದರೆ ಇಷ್ಟು ದಿನ ಬರೀ ವಾರ್ನಿಂಗ್ ಇತ್ತು, ಈಗ ಎರರ್.

ಈ ಎರರನ್ನು ಮತ್ತೆ ವಾರ್ನಿಂಗ್‌ಗೆ ಇಳಿಸುವ ಫ್ಲ್ಯಾಗ್ ಇದೆ. ಹಾಕಿದರೆ ಏನಾಗುತ್ತದೆ ನೋಡಿ. ಹೆಡರ್ ಸೇರಿಸಿಲ್ಲವಾದ್ದರಿಂದ ಕಂಪೈಲರ್ ಆ ಫಂಕ್ಷನ್ ಇಂಟ್ ಕೊಡುತ್ತದೆ ಅಂದುಕೊಳ್ಳುತ್ತದೆ. ಅದು ನಿಜಕ್ಕೂ ಕೊಡುವುದು ಪಾಯಿಂಟರ್. 32 ಬಿಟ್ ಆರ್ಮ್‌ನಲ್ಲಿ ಎರಡೂ 4 ಬೈಟ್, ನಡೆದುಹೋಗುತ್ತದೆ. 64 ಬಿಟ್ ಆರ್ಮ್‌ನಲ್ಲಿ ಪಾಯಿಂಟರ್ 8 ಬೈಟ್. ಮೇಲಿನ 4 ಬೈಟ್ ಕತ್ತರಿಸಿ ಹೋಗುತ್ತದೆ. ಉಳಿದ ವಿಳಾಸ ಯಾವುದೋ ಊರಿನದು, ಪ್ರೋಗ್ರಾಮು ಅಲ್ಲಿಗೆ ಹೋಗಿ ಬೀಳುತ್ತದೆ. ಹಳೆಯ ಬೋರ್ಡಿನಿಂದ ಹೊಸ 64 ಬಿಟ್ ಬೋರ್ಡಿಗೆ ಹೋದ ತಂಡಗಳು 'ಅದೇ ಕೋಡ್, ಅದರಲ್ಲಿ ಓಡ್ತಿತ್ತು' ಅಂತ ತಲೆ ಕೆಡಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಬೇಕಾಗಿರುವುದು ಫ್ಲ್ಯಾಗ್ ಅಲ್ಲ, ಒಂದು ಇನ್‌ಕ್ಲೂಡ್ ಸಾಲು.

ಬೋರ್ಡ್ ಮುಟ್ಟುವ ಮೊದಲು ಬೇಗ ಸೋಸಿಕೊಳ್ಳೋ ದಾರಿ ಇದೆಯಾ?

ಇದೆ. ಬಿಲ್ಡ್‌ರೂಟ್‌ನ 'ಯುಟಿಲ್ಸ್' ಫೋಲ್ಡರಿನಲ್ಲಿ ಟೆಸ್ಟ್-ಪಿಕೆಜಿ ಅನ್ನುವ ಸ್ಕ್ರಿಪ್ಟ್ ಇದೆ. ನಿಮ್ಮ ಪ್ಯಾಕೇಜು ಆನ್ ಮಾಡುವ ನಾಲ್ಕು ಸಾಲಿನ ಕಾನ್ಫಿಗ್ ತುಣುಕು ಕೊಟ್ಟರೆ ಬೇರೆ ಬೇರೆ ಟೂಲ್‌ಚೈನ್‌ಗಳಲ್ಲಿ ಅದನ್ನು ಕಟ್ಟಿ ನೋಡುತ್ತದೆ. ಪ್ರತಿಯೊಂದರ ಎದುರು 'ಓಕೆ', 'ಸ್ಕಿಪ್ಡ್', 'ಫೇಲ್ಡ್' ಅಂತ ಬರುತ್ತದೆ. ಎಲ್ಲವೂ ಸ್ಕಿಪ್ಡ್ ಬಂದರೆ ಖುಷಿಪಡಬೇಡಿ. ನಿಮ್ಮ ತುಣುಕಿನಲ್ಲಿ ಯಾವುದೋ ಅವಲಂಬನೆ ಬಿಟ್ಟುಹೋಗಿದೆ, ಅದು ಏನನ್ನೂ ಕಟ್ಟಿಯೇ ಇಲ್ಲ.

ಯೋಕ್ಟೋದಲ್ಲಿ ಲೇಯರ್‌ಗೆ ಯೋಕ್ಟೋ-ಚೆಕ್-ಲೇಯರ್ ಓಡಿಸಿ. ಕಿರ್ಕ್‌ಸ್ಟೋನ್ ಬಿಡುಗಡೆಯಿಂದ ಈಚೆಗೆ ಕಂಪೈಲ್ ಹಂತದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಟ್ಟುವಾಗ ಕಳ್ಳತನದಿಂದ ಏನೇನೋ ಡೌನ್‌ಲೋಡ್ ಮಾಡುವ ರೆಸಿಪಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆಗ ಆ ಹಂತಕ್ಕೆ ನೆಟ್‌ವರ್ಕ್ ತೆರೆದು ಕೊಡುವುದು ಸುಲಭ. ಮಾಡಬೇಡಿ.

ಬೋರ್ಡಿನ ಮೇಲೆ ಏನೇನು ನೋಡಬೇಕು?

ಕೆಲಸ ಮಾಡುತ್ತದಾ ಅಂತ ಎಲ್ಲರೂ ನೋಡುತ್ತಾರೆ. ಅದರಾಚೆ ನಾಲ್ಕು ವಿಷಯ ನೋಡಿ.

ಸಮಯ. ಬ್ಯಾಟರಿ ಇರುವ ಆರ್‌ಟಿಸಿ (ಗಡಿಯಾರದ ಚಿಪ್) ಇಲ್ಲದ ಬೋರ್ಡು ಎದ್ದಾಗ 1970ರಲ್ಲಿ ಇರಬಹುದು. ಪ್ಯಾಕೇಜು ಆಗಲೇ ಟಿಎಲ್‌ಎಸ್ ಸಂಪರ್ಕಕ್ಕೆ ಹೋದರೆ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ ಅಂತ ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್‌ನಿಂದ ಸಮಯ ತರುವ ಎನ್‌ಟಿಪಿ ಬಂದು ಗಡಿಯಾರ ಐವತ್ತಕ್ಕೂ ಹೆಚ್ಚು ವರ್ಷ ಮುಂದಕ್ಕೆ ಹಾರುತ್ತದೆ. ಹೀಗೆ ಹಾರದ ಮಾನೋಟಾನಿಕ್ ಗಡಿಯಾರ ಬಿಟ್ಟು ಗೋಡೆ ಗಡಿಯಾರದಲ್ಲಿ ಟೈಮ್‌ಔಟ್ ಲೆಕ್ಕ ಹಾಕುವ ಕೋಡ್ ಎಲ್ಲ ಸಂಪರ್ಕವನ್ನೂ ಒಟ್ಟಿಗೆ ಕಡಿದುಹಾಕುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇದು ಯಾರಿಗೂ ಕಾಣುವುದೇ ಇಲ್ಲ. 32 ಬಿಟ್ ಬೋರ್ಡಾದರೆ ಗಡಿಯಾರವನ್ನು 2038ರ ಜನವರಿ 19ಕ್ಕೆ ಇಟ್ಟು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ ದಾಟಿಸಿ ನೋಡಿ. 32 ಬಿಟ್‌ನಲ್ಲಿ ಸೆಕೆಂಡ್ ಎಣಿಸುವ ಕೋಡಿನ ಲೆಕ್ಕ ಅಲ್ಲಿ ತುಂಬಿಹೋಗುತ್ತದೆ. ಹತ್ತು-ಹದಿನೈದು ವರ್ಷ ಗೋಡೆಯಲ್ಲೇ ಇರುವ ಮೀಟರ್, ಕಂಟ್ರೋಲರ್‌ಗಳಿಗೆ ಅದು ದೂರದ ದಿನವಲ್ಲ.

ಮೆಮೊರಿ. ಮೂರು ದಿನ ಓಡಲು ಬಿಡಿ. ಪ್ರಾಕ್ ಫೈಲ್‌ಸಿಸ್ಟಮ್‌ನಲ್ಲಿ ಆ ಪ್ರೊಸೆಸ್‌ನ ವಿಎಂಆರ್‌ಎಸ್‌ಎಸ್ (ಅದು ಹಿಡಿದಿರುವ ಮೆಮೊರಿ) ಎಷ್ಟಿದೆ, ತೆರೆದಿಟ್ಟ ಫೈಲ್ ಡಿಸ್ಕ್ರಿಪ್ಟರ್‌ಗಳು ಎಷ್ಟು ಅಂತ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಿ. ಗ್ರಾಫ್ ಮೇಲಕ್ಕೇ ಹೋಗುತ್ತಿದ್ದರೆ ಉತ್ತರ ಸಿಕ್ಕಿತು.

ಫ್ಲ್ಯಾಶ್. ಇದನ್ನು ಮರೆಯುವವರೇ ಜಾಸ್ತಿ. ಪಿಸಿಗಾಗಿ ಬರೆದ ಪ್ಯಾಕೇಜು ಲಾಗ್ ಬರೆಯಲು, ಚಿಕ್ಕ ಡೇಟಾಬೇಸ್ ಸಿಂಕ್ ಮಾಡಲು ಯೋಚನೆಯನ್ನೇ ಮಾಡುವುದಿಲ್ಲ. ಬೋರ್ಡಿನ ಫ್ಲ್ಯಾಶ್ ಚಿಪ್, ಇಎಂಎಂಸಿ, ಸವೆಯುತ್ತದೆ. ಟೆಸ್ಲಾ 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಪರದೆ ನಡೆಸುವ ಕಂಪ್ಯೂಟರಿನ 8 ಜಿಬಿ ಇಎಂಎಂಸಿ ಬರೆದು ಬರೆದು ಸವೆದು, ಹಿಂಬದಿಯ ಕ್ಯಾಮೆರಾ ಕಾಣಿಸದೆ ಹೋಗುತ್ತಿತ್ತು. ವರ್ಷಗಟ್ಟಲೆ ಚೆನ್ನಾಗಿಯೇ ಓಡಿದ ಸಾಫ್ಟ್‌ವೇರ್ ಅದು. ಎಂಎಂಸಿ-ಯುಟಿಲ್ಸ್ ಹಾಕಿಕೊಂಡರೆ ಚಿಪ್ ತನ್ನ ಆಯುಷ್ಯ ಎಷ್ಟು ಕಳೆದಿದೆ ಅಂತ ತಾನೇ ಹೇಳುತ್ತದೆ, ಆದರೆ ಹತ್ತು ಪರ್ಸೆಂಟ್‌ನ ಮೆಟ್ಟಿಲಿನಲ್ಲಿ. ಮೂರು ದಿನದ ಪರೀಕ್ಷೆಗೆ ಅದು ಸಾಲದು. ಪ್ರೊಸೆಸ್ ಎಷ್ಟು ಬೈಟ್ ಬರೆದಿದೆ ಅಂತ ಪ್ರಾಕ್‌ನ 'ಐಒ' ಫೈಲಿನಲ್ಲಿ ನೋಡಿ, ಐದು ವರ್ಷಕ್ಕೆ ಗುಣಿಸಿ.

ಕರೆಂಟು. ಪ್ಯಾಕೇಜು ಬರೆಯುತ್ತಿರುವಾಗಲೇ ಪವರ್ ಕೀಳಿ. ಒಂದು ರಿಲೇ ಇಟ್ಟು ರಾತ್ರಿಯೆಲ್ಲ ಮಾಡಿಸಿ. ಬೆಳಿಗ್ಗೆ ಕಾನ್ಫಿಗ್ ಫೈಲು ಸೊನ್ನೆ ಬೈಟ್ ಆಗಿದ್ದರೆ, ಬರೆದವರು ಎಫ್‌ಸಿಂಕ್ ಮಾಡಿ ರಿನೇಮ್ ಮಾಡುವ ಪದ್ಧತಿ ಇಟ್ಟುಕೊಂಡಿಲ್ಲ ಅಂತ ಅರ್ಥ.

ಕ್ಯೂಇಎಮ್‌ಯುನಲ್ಲಿ ಪಾಸಾದರೆ ಸಾಲದಾ?

ಲಾಜಿಕ್‌ಗೆ ಸಾಕು. ಟೈಮಿಂಗ್, ಡಿಎಂಎ (ಸಿಪಿಯು ಮೂಲಕ ಹೋಗದ ಡೇಟಾ ಸಾಗಣೆ), ಫ್ಲ್ಯಾಶ್, ಬಿಸಿ ಇವಕ್ಕೆ ಸಾಲದು.

ಯಾವಾಗಲೂ ಇತ್ತೀಚಿನ ಕಮಿಟ್ ತರಿಸಿಕೊಂಡರೆ ಒಳ್ಳೇದಲ್ವಾ? ಯೋಕ್ಟೋದಲ್ಲಿ ಅದಕ್ಕೇ ಆಟೋರೆವ್ ಹಾಕಿದ್ದೀವಿ.

ಅಭಿವೃದ್ಧಿ ಮಾಡುವವರ ಟೇಬಲ್ ಮೇಲೆ ಪರವಾಗಿಲ್ಲ. ಬಿಡುಗಡೆ ಇಮೇಜ್‌ಗೆ ಬೇಡವೇ ಬೇಡ. ಸೋಮವಾರ ನೀವು ಪರೀಕ್ಷಿಸಿದ್ದು ಒಂದು, ಗುರುವಾರ ಗ್ರಾಹಕರಿಗೆ ಹೋಗಿದ್ದು ಇನ್ನೊಂದು. ಕಮಿಟ್ ಹ್ಯಾಶ್ ಬರೆದು ಕಟ್ಟಿಹಾಕಿ. ಡೌನ್‌ಲೋಡ್ ಆದದ್ದರ ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ. 2023ರ ಜನವರಿ ಕೊನೆಯಲ್ಲಿ ಗಿಟ್‌ಹಬ್ ತನ್ನ ಒಳಗಿನ ಗಿಟ್ ಬದಲಿಸಿದಾಗ, ಅದು ತಾನಾಗಿ ತಯಾರಿಸಿ ಕೊಡುವ ಟಾರ್‌ಬಾಲ್‌ಗಳ ಚೆಕ್‌ಸಮ್ ಬದಲಾಗಿ ಬಹಳ ಜನರ ಬಿಲ್ಡ್ ನಿಂತುಹೋಯಿತು. ಆಮೇಲೆ ಅವರು ಅದನ್ನು ವಾಪಸ್ ತಗೊಂಡರು. ಕೈಯಲ್ಲಿ ಪ್ರತಿ ಇದ್ದವರ ಕೆಲಸ ನಿಲ್ಲಲಿಲ್ಲ.

ಹ್ಯಾಶ್ ಸರಿಹೊಂದಿದೆ. ಹಾಗಾದ್ರೆ ಸುರಕ್ಷಿತ ತಾನೇ?

ನೀವು ಡೌನ್‌ಲೋಡ್ ಮಾಡಿದ್ದು ಅವರು ಕೊಟ್ಟದ್ದೇ ಅಂತ ಮಾತ್ರ ಹ್ಯಾಶ್ ಹೇಳುತ್ತದೆ. ಅವರು ಕೊಟ್ಟದ್ದರಲ್ಲೇ ವಿಷ ಇದ್ದರೆ?

ಫೈಲು ಕುಗ್ಗಿಸುವ ಎಕ್ಸ್‌ಜೆಡ್ ಪ್ಯಾಕೇಜಿನ, 2024ರ ಮಾರ್ಚ್ 29ರಂದು ಹೊರಬಿದ್ದ ಪ್ರಕರಣ ಹೀಗೆಯೇ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಸಿದ್ದರು. ಪರೀಕ್ಷೆಗೆ ಅಂತ ಇಟ್ಟ ಬೈನರಿ ಫೈಲುಗಳೊಳಗೆ ಅದನ್ನು ಬಚ್ಚಿಟ್ಟಿದ್ದರು. ಅದನ್ನು ಹೊರಗೆಳೆಯುವ ಎಂ4 (ಬಿಲ್ಡ್ ಸ್ಕ್ರಿಪ್ಟ್) ಸಾಲುಗಳು ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಇದ್ದವು, ಗಿಟ್‌ನಲ್ಲಿ ಇರಲಿಲ್ಲ. ಹ್ಯಾಶ್ ಸರಿ, ಸಹಿಯೂ ಸರಿ. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಕೆದಕಿದ್ದರಿಂದ ಬಯಲಾಯಿತು. ಅದು 64 ಬಿಟ್ ಇಂಟೆಲ್ ಬಗೆಯ ಯಂತ್ರಗಳಲ್ಲಿ, ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜು ಕಟ್ಟುವಾಗ ಮಾತ್ರ ಎಚ್ಚರಗೊಳ್ಳುವ ಹಾಗೆ ಬರೆದದ್ದು. ನಮ್ಮ ಆರ್ಮ್ ಬೋರ್ಡುಗಳು ಅದರ ಗುರಿಯಾಗಿರಲಿಲ್ಲ. ಅದು ನಮ್ಮ ಜಾಣತನದಿಂದ ಅಲ್ಲ.

ನನ್ನ ರೂಢಿ ಇಷ್ಟು: ಪರಿಚಯವಿಲ್ಲದ ಪ್ಯಾಕೇಜಿನ ಟಾರ್‌ಬಾಲ್ ಮತ್ತು ಗಿಟ್ ಟ್ಯಾಗ್ ಎರಡನ್ನೂ ತಂದು ಡಿಫ್ ನೋಡುತ್ತೇನೆ. ಆಟೋಟೂಲ್ಸ್ ತಯಾರಿಸಿದ ಫೈಲುಗಳು ಬಿಟ್ಟು ಬೇರೆ ಏನಾದರೂ ಇದ್ದರೆ ಕೇಳುತ್ತೇನೆ.

ಸಿವಿಇ (ಗೊತ್ತಿರುವ ಭದ್ರತಾ ಲೋಪಗಳ) ಪಟ್ಟಿ ಖಾಲಿ ಬಂತು. ಒಳ್ಳೇ ಸುದ್ದಿ ಅಲ್ವಾ?

ಹೆಸರಿರುವ ಪ್ಯಾಕೇಜಿಗೆ ಹೌದು. ಯಾರಿಗೂ ಗೊತ್ತಿಲ್ಲದ ಪ್ಯಾಕೇಜಿಗೆ ಸಿವಿಇ ಬರೆಯುವವರೂ ಇರುವುದಿಲ್ಲ. ಬಿಲ್ಡ್‌ರೂಟ್, ಯೋಕ್ಟೋ ಎರಡೂ ಹೆಸರು ಹೊಂದಿಸಿ ಹುಡುಕುತ್ತವೆ. ರೆಸಿಪಿಯಲ್ಲಿರುವ ಹೆಸರು ಮತ್ತು ಅಮೆರಿಕದ ಲೋಪಗಳ ಡೇಟಾಬೇಸ್ ಎನ್‌ವಿಡಿಯಲ್ಲಿರುವ ಹೆಸರು ಬೇರೆಯಾಗಿದ್ದರೂ ಪಟ್ಟಿ ಖಾಲಿಯೇ. ಅದಕ್ಕೆ ಮೇಲೆ 2024ರ ಫೆಬ್ರವರಿಯಿಂದ ಎನ್‌ವಿಡಿಯಲ್ಲಿ ವಿವರ ತುಂಬುವ ಕೆಲಸವೇ ಹಿಂದೆ ಬಿದ್ದಿದೆ.

ನಾವು ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯೋರು. ಯುರೋಪಿನ ಕಾನೂನು ನಮಗೆ ಯಾಕೆ?

ಸಾಧನ ಅಲ್ಲಿ ಮಾರಾಟವಾಗುವುದಾದರೆ ಬೇಕೇ ಬೇಕು. ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು. ದಾಳಿಕೋರರು ಬಳಸುತ್ತಿರುವ ಲೋಪ ಗೊತ್ತಾದರೆ 24 ಗಂಟೆಯೊಳಗೆ ಮೊದಲ ಸೂಚನೆ ಕೊಡಬೇಕು ಅನ್ನುವ ನಿಯಮಕ್ಕೆ 2026ರ ಸೆಪ್ಟೆಂಬರ್ 11ರ ಗಡುವು. ಉಳಿದ ಬಹುಪಾಲು 2027ರ ಡಿಸೆಂಬರ್ 11ರಿಂದ. ಹೊರಗಿನಿಂದ ತಂದ ಘಟಕಗಳನ್ನು, ಓಪನ್ ಸೋರ್ಸ್ ಸೇರಿ, ನೋಡಿ ಪರಿಶೀಲಿಸಿಯೇ ಹಾಕಿದ್ದೇವೆ ಅಂತ ತಯಾರಕರು ತೋರಿಸಬೇಕು. ಕಾನೂನಿನಡಿ ಉತ್ತರಿಸುವುದು ಮುಖ್ಯವಾಗಿ ಸಾಧನದ ತಯಾರಕರು, ಅವರು ಎಲ್ಲೇ ಇರಲಿ. ಆದರೆ ಅವರ ಮೇಲ್ ಬರುವುದು ನಿಮ್ಮ ಇನ್‌ಬಾಕ್ಸ್‌ಗೆ. 'ಈ ಪ್ಯಾಕೇಜು ಯಾಕೆ, ಯಾವ ಆವೃತ್ತಿ, ಯಾರು ನೋಡಿದ್ದು' ಅಂತ ಹಾಕುವ ದಿನವೇ ಕಮಿಟ್ ಸಂದೇಶದಲ್ಲಿ ಬರೆದಿಡಿ.

ಮ್ಯಾನೇಜರ್ ನಾಳೆನೇ ಬೇಕು ಅಂತಾರೆ. ಈಗೇನು ಮಾಡಲಿ?

ಹಾಕಿ, ಆದರೆ ಬೇಲಿ ಹಾಕಿ. ಪ್ಯಾಕೇಜನ್ನು ಬಿಲ್ಡ್‌ರೂಟ್ ಮರದೊಳಗೆ ತುರುಕದೆ ಬಿಆರ್2-ಎಕ್ಸ್‌ಟರ್ನಲ್ ಮರದಲ್ಲಿ ಇಡಿ, ಯಾವುದು ನಿಮ್ಮದು ಅಂತ ಗೊತ್ತಾಗಲಿ. ರೂಟ್ ಆಗಿ ಓಡಿಸಬೇಡಿ, ಅದಕ್ಕೇ ಒಬ್ಬ ಬಳಕೆದಾರನನ್ನು ಮಾಡಿ. ಸಿಸ್ಟಮ್‌ಡಿ ಇದ್ದರೆ ಮೆಮೊರಿಗೆ ಮಿತಿ ಹಾಕಿ, ಫೈಲ್‌ಸಿಸ್ಟಮ್ ಓದಲು ಮಾತ್ರ ಕೊಡಿ. ಬೇಡದ ಫೀಚರ್‌ಗಳನ್ನು ಕಾನ್ಫಿಗರ್ ಹಂತದಲ್ಲೇ ಆರಿಸಿ. ಮುಖ್ಯವಾಗಿ, ಎ-ಬಿ ಅಪ್‌ಡೇಟ್ (ಹಳೆಯ, ಹೊಸ ಇಮೇಜ್ ಎರಡನ್ನೂ ಇಟ್ಟುಕೊಳ್ಳುವ ಪದ್ಧತಿ) ಇಲ್ಲದೆ ಇಂಥ ಇಮೇಜ್ ಹೊರಗೆ ಕಳಿಸಬೇಡಿ. ರಾಕ್, ಎಸ್‌ಡಬ್ಲ್ಯೂಅಪ್‌ಡೇಟ್, ಮೆಂಡರ್, ಯಾವುದಾದರೂ ಸರಿ. ಹೊಸ ಇಮೇಜ್ ಎದ್ದು ನಿಲ್ಲದಿದ್ದರೆ ವಾಚ್‌ಡಾಗ್ ಹಳೆಯದಕ್ಕೆ ಮರಳಿಸಬೇಕು.

'ಆಮೇಲೆ ತೆಗೆಯೋಣ' ಅಂತ ಹಾಕಿದ ಪ್ಯಾಕೇಜು ತೆಗೆದದ್ದನ್ನು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಹಾಕುವಾಗಲೇ ಅದಕ್ಕೊಬ್ಬರ ಹೆಸರು ಬರೆಯಿರಿ.

ನಂದು ಕಾಲೇಜು ಪ್ರಾಜೆಕ್ಟು, ರಾಸ್ಪ್‌ಬೆರಿ ಪೈ ಮೇಲೆ. ಇಷ್ಟೆಲ್ಲ ಬೇಕಾ?

ಬೇಡ. ಹಾಕಿ ಆಟ ಆಡಿ. ಎಸ್‌ಡಿ ಕಾರ್ಡಿನ ಬ್ಯಾಕಪ್ ಮಾತ್ರ ಇಟ್ಟುಕೊಳ್ಳಿ.

ನಾವು ಸರಿಮಾಡಿದ ಪ್ಯಾಚ್ ಮೂಲ ಪ್ರಾಜೆಕ್ಟಿಗೆ ಕಳಿಸಲೇಬೇಕಾ?

ಪ್ಯಾಚ್ ಕಳಿಸಿ ಅಂತ ಲೈಸೆನ್ಸ್ ಬಲವಂತ ಮಾಡುವುದಿಲ್ಲ. ಜಿಪಿಎಲ್ ಆದರೆ ಸಾಧನ ಪಡೆದವರಿಗೆ ಸೋರ್ಸ್ ಕೊಡಬೇಕು, ಅದು ಬೇರೆ ವಿಷಯ. ಆದರೆ ಕಳಿಸದಿದ್ದರೆ ಪ್ರತಿ ಹೊಸ ಬಿಡುಗಡೆಯಲ್ಲೂ ಆ ಪ್ಯಾಚನ್ನು ನೀವೇ ಎಳೆದಾಡಬೇಕು. ಬಿಲ್ಡ್‌ರೂಟ್ ವರ್ಷಕ್ಕೆ ನಾಲ್ಕು ಸಲ ಬಿಡುಗಡೆಯಾಗುತ್ತದೆ, ಲೆಕ್ಕ ಹಾಕಿ.

ಮೊದಲು ಮೂಲ ಲೇಖಕರಿಗೆ ಕಳಿಸಿ, ಆಮೇಲೆ ಬಿಲ್ಡ್‌ರೂಟ್ ಅಥವಾ ಲೇಯರ್‌ಗೆ. ಯೋಕ್ಟೋದಲ್ಲಿ ಪ್ಯಾಚ್ ಒಳಗೆ 'ಅಪ್‌ಸ್ಟ್ರೀಮ್-ಸ್ಟೇಟಸ್' ಸಾಲು ಇರಬೇಕು. ಎರಡು ಕಡೆಯೂ 'ಸೈನ್ಡ್-ಆಫ್-ಬೈ' ಬೇಕು. ಪ್ಯಾಚ್ ಬರೆಯುವಷ್ಟು ಸಮಯವಿಲ್ಲದಿದ್ದರೆ ಬೇರೆಯವರು ಕಳಿಸಿದ ಪ್ಯಾಚನ್ನು ನಿಮ್ಮ ಬೋರ್ಡಿನಲ್ಲಿ ಓಡಿಸಿ. ಯಾವ ಬೋರ್ಡು, ಯಾವ ಸಿ ಲೈಬ್ರರಿ, ಏನು ಮಾಡಿ ನೋಡಿದಿರಿ ಅಂತ ಎರಡು ಸಾಲು ಬರೆದು 'ಟೆಸ್ಟೆಡ್-ಬೈ' ಅಂತ ನಿಮ್ಮ ಹೆಸರು ಹಾಕಿ ಉತ್ತರಿಸಿ. ಪ್ಯಾಚ್‌ಗಳು ತಿಂಗಳುಗಟ್ಟಲೆ ಕಾಯುತ್ತಾ ಕೂರುವುದು ಎಷ್ಟೋ ಸಲ ಆ ಎರಡು ಸಾಲಿಗೇ.